ಹಾಗಲಬೀಜದ ಗಂಟು

"ಏಳೇ ಮುದುಕಿ! ಇದೇನು ನಿಮ್ಮಪ್ಪನ ಮನೆ ಅಂದ್ಕೊಂಡ್ಯಾ?"

ಯಜಮಾನ ಬೂಟುಗಾಲಿನಿಂದಲೇ ಕಂಬಳಿ ಎಳೆದ. ಅವ್ವ ಬೀಜದ ತಟ್ಟೆಗಳ ಮಧ್ಯೆ ಮುದುಡಿಕೊಂಡಿದ್ದಳು. ಇಡೀ ತೋಟದಲ್ಲಿ ಬೆಚ್ಚಗಿರುವ ಕೋಣೆ ಅದೊಂದೇ. ಬೀಜ ಮೊಳೆಯಲಿ ಅಂತ ಅಲ್ಲಿ ಹಗಲೂ ರಾತ್ರಿ ಹೀಟರ್ ಉರಿಯುತ್ತಿತ್ತು. ನಮ್ಮ ತಗಡಿನ ಮನೆಯಲ್ಲಿ ಬಾಯಿಬಿಟ್ಟರೆ ಹೊಗೆ ಬರುವಷ್ಟು ಚಳಿ. ಅವ್ವನಿಗೆ ಜ್ವರ ಅಂತ ನಾನೇ ಅಲ್ಲಿ ಮಲಗಿಸಿದ್ದೆ.

"ಮೈ ಸುಡ್ತಿದೆ ಸ್ವಾಮಿ. ಇವತ್ತೊಂದಿನ..."

"ಥೂ, ದರಿದ್ರದ್ದೇ! ಇವಳ ರೋಗ ನನ್ನ ಬೀಜಕ್ಕೆ ಹತ್ತಬೇಕಾ? ಎಳ್ಕೊಂಡು ಹೋಗೇ."

ಎಳೆದುಕೊಂಡು ಹೋದೆ. ಸಾವಯವ ತೋಟ ನೋಡಿ ಇದು, ಎಲೆ ತಿನ್ನುವ ಹುಳುವಿಗೂ ವಿಷ ಹೊಡೆಯುವುದಿಲ್ಲ. ತೋಟ ನೋಡಲು ಬಂದವರ ಮುಂದೆ ಎರೆಹುಳುವನ್ನು ಅಂಗೈ ಮೇಲಿಟ್ಟುಕೊಂಡು "ಇದೂ ನಮ್ಮನೆ ಮಗು" ಅನ್ನುತ್ತಾನೆ ಈ ಮಹಾನುಭಾವ.

ಮಾರನೆಯ ದಿನ ಗಾಳಿಗೆ ಕರೆಂಟ್ ಕಂಬ ಬಿತ್ತು. ಹೀಟರ್ ಆರಿತು. ಹಾಗಲಬೀಜ ನೆನೆಹಾಕಿಯಾಗಿತ್ತು. ಬೇರೆಲ್ಲೂ ಸಿಗದ ತಳಿ, ಚಳಿ ಹೊಡೆದರೆ ಕೊಳೆತೇ ಹೋಗುತ್ತದೆ. ಆಗ ನೆನಪಾದಳು ಅವ್ವ! ಹೀಟರ್ ಬರುವ ಮೊದಲು ಈ ತೋಟದ ಹಾಗಲ, ಹೀರೆ, ಸೋರೆ ಎಲ್ಲ ಮೊಳೆತದ್ದು ಅವಳ ಹೊಟ್ಟೆಯ ಮೇಲೆ. ಒದ್ದೆಬಟ್ಟೆಯಲ್ಲಿ ಬೀಜ ಕಟ್ಟಿ, ಆ ಗಂಟನ್ನು ಸೊಂಟಕ್ಕೆ ಸುತ್ತಿಕೊಂಡು ಮಲಗುತ್ತಿದ್ದಳು.

ಯಜಮಾನ ಗಂಟು ಹಿಡಿದು ನಮ್ಮ ಬಾಗಿಲಿಗೇ ಬಂದ.

"ಮುದುಕಿಗೆ ಕಟ್ಟೇ."

"ನಾನೇ ಕಟ್ಕೋತೀನಿ ಸ್ವಾಮಿ. ಅವಳ ಕೈಲಾಗಲ್ಲ."

"ದಿನವೆಲ್ಲಾ ನೀರಲ್ಲಿರೋಳು ನೀನು, ನಿನ್ನ ಮೈಯಲ್ಲಿ ಶಾಖ ಎಲ್ಲಿದೆ? ಅವಳಿಗೆ ಜ್ವರ ಅಲ್ವಾ? ಒಳ್ಳೇದೇ ಆಯ್ತು, ಬೇಗ ಮೊಳೀತವೆ. ಆಗಲ್ಲ ಅಂದ್ರೆ ಈಗಲೇ ಮನೆ ಖಾಲಿ ಮಾಡಿ."

ಅವ್ವನೇ ಕೈ ಚಾಚಿದಳು.

"ಕೊಡೇ ಇಲ್ಲಿ. ಒಂಬತ್ತು ತಿಂಗಳು ನಿನ್ನನ್ನೇ ಹೊತ್ತೋಳಿಗೆ ಇದೇನು ಮಹಾ ಭಾರ? ನೀನಂತೂ ಒದೀತಿದ್ದೆ ಬೇರೆ."

ನಗಲು ಹೋಗಿ ಕೆಮ್ಮಿದಳು. ಒದ್ದೆ ಗಂಟು ತಗುಲಿದ್ದೇ ಮೈಯೆಲ್ಲ ನಡುಗಿತು. ಕಟ್ಟಿದವಳು ನಾನೇ, ಇದೇ ಕೈಯಿಂದ. ಯಜಮಾನ ಗಂಟು ಬಿಗಿಯಾಗಿದೆಯಾ ಅಂತ ಎಳೆದು ನೋಡಿ ಹೋದ.

ಆಮೇಲೊಂದು ಬೆಳಿಗ್ಗೆ ಮುಟ್ಟಿದರೆ ತಣ್ಣಗಿದ್ದಳು. ಸದ್ಯ, ಜ್ವರ ಬಿಟ್ಟಿತು ಅಂದುಕೊಂಡೆ. ಅವ್ವಾ ಅಂದೆ. ಮತ್ತೆ ಮತ್ತೆ ಕರೆದೆ. ಗಂಟು ಬಿಚ್ಚಿದರೆ ಒಳಗೆ ಬೆಳ್ಳಗೆ ಮೊಳಕೆಗಳು, ಒಂದೂ ಕೊಳೆತಿರಲಿಲ್ಲ. ಅವಳ ಕೆಲಸ ಯಾವತ್ತೂ ಹಾಗೇ. ಬಾಯಿಗೆ ಸೆರಗು ತುರುಕಿಕೊಂಡು ಅತ್ತೆ. ಆಮೇಲೆ ಗಂಟನ್ನು ಇದ್ದ ಹಾಗೇ ಅವಳ ಸೊಂಟಕ್ಕೆ ಕಟ್ಟಿದೆ.

ಮಣ್ಣು ಮಾಡಿ ಬಂದು ಹೊಸಿಲ ಮೇಲೆ ಕೂತಿದ್ದಾಗ ಯಜಮಾನ ಬಂದ. ಮೂಗಿಗೆ ಕರವಸ್ತ್ರ ಹಿಡಿದಿದ್ದ.

"ಆದದ್ದಾಯ್ತು. ಬೀಜ ಮೊಳೆತ್ವಾ?"

"ಒಂದೂ ಬಿಡದೆ."

"ಹಾಗಾದ್ರೆ ತಗೊಂಡ್ ಬಾರೇ, ಬೇಗ ಮಣ್ಣಿಗೆ ಹಾಕ್ಬೇಕು."

"ಹಾಕಾಯ್ತು" ಅಂದೆ. ಕೈಗೆ ಮೆತ್ತಿದ್ದ ಮಣ್ಣು ತೋರಿಸಿದೆ. "ಅವ್ವನ ಸೊಂಟದಲ್ಲೇ ಇವೆ. ಹೋಗೋ, ಬೇಕಿದ್ರೆ ಅಗೆದ್ಕೋ."