ಟೆಂಪ್ ಅಂದುಬಿಟ್ಟೆ

ಪಕ್ಕದ ಸ್ಕ್ರೀನಿನಲ್ಲಿ ಏನೋ ಮಿನುಗಿತು, ಲ್ಯಾಬ್ ಪರೀಕ್ಷೆ, ನೋಡಬಾರದು, ನೋಡಿಬಿಟ್ಟೆ, ಭವ್ಯಶ್ರೀಯ ಪ್ರೋಗ್ರಾಂ ಓಡಿತು, ಅವಳು ಹಾಕಿದ ಅಂಕಿಗಳೆಲ್ಲ ಸಾಲಾಗಿ ಬಂದವು, ಅಬ್ಬಾ ಅನ್ನುವಷ್ಟರಲ್ಲಿ ಇನ್ನೊಮ್ಮೆ ತೋರಿಸೆಂದು ಒತ್ತಿದಳು, ಈಗ ಏನೂ ಇಲ್ಲ, ಲಿಸ್ಟ್ ಈಸ್ ಎಂಪ್ಟಿ — ಈಗ ತಾನೇ ಇದ್ದವಲ್ಲ, ಎಲ್ಲಿ ಹೋದವೆಂದು ಅವಳು ಹುಡುಕುತ್ತಿದ್ದಾಳೆ, ನನಗೆ ಗೊತ್ತು, ಇಲ್ಲಿಂದಲೇ ಕಾಣುತ್ತಿದೆ, ಹೆಡ್ಡನ್ನೇ ನಡೆಸಿಬಿಟ್ಟಿದ್ದಾಳೆ, ಲಿಂಕ್ಡ್ ಲಿಸ್ಟ್ ಅಂದರೆ ಡಬ್ಬಿಗಳ ಸಾಲು, ಒಂದೊಂದು ಡಬ್ಬಿಯಲ್ಲಿ ಒಂದು ಅಂಕಿ ಮತ್ತು ಮುಂದಿನ ಡಬ್ಬಿಯ ವಿಳಾಸ, ಅಷ್ಟೇ, ಮೊದಲ ಡಬ್ಬಿ ಎಲ್ಲಿದೆ ಎಂದು ಗೊತ್ತಿರುವುದು ಹೆಡ್ ಒಂದಕ್ಕೇ, ಅದೇ ಎದ್ದು ಕೊನೆಯವರೆಗೆ ನಡೆದುಹೋದರೆ ಸಿಂಗ್ಲಿ ಲಿಸ್ಟಿನಲ್ಲಿ ಹಿಂದಕ್ಕೆ ದಾರಿಯೇ ಇಲ್ಲ, ಹೆಡ್ಡನ್ನು ಅಲ್ಲೇ ಕೂರಿಸಿ ಟೆಂಪ್ ಅಂತ ಇನ್ನೊಂದನ್ನು ಕಳಿಸಬೇಕು, ಇದನ್ನು ನನಗೆ ಹೇಳಿಕೊಟ್ಟವಳೇ ಅವಳು, ಹೊಳೆನರಸೀಪುರದಿಂದ ಹಾಸನಕ್ಕೆ ಬರುವ ಬಸ್ಸಿನಲ್ಲಿ, ಕಂಬಿ ಹಿಡಿದು ನಿಂತುಕೊಂಡು, ಅಂಗಲ್ಲ ಕಣೇ ಕವನಾ, ಯಜಮಾನ ಮನೇಲೇ ಕುಂತಿರ್ಬೇಕು, ಆಳು ಓಗಿ ನೋಡ್ಕೊಂಡ್ ಬರ್ಬೇಕು — ಅಂದವಳೇ ನಾಲಿಗೆ ಕಚ್ಚಿಕೊಂಡಳು, ನಮ್ಮ ತಾತ ಬೈರಯ್ಯ ಇವಳ ಮನೆಯ ತೋಟದಲ್ಲೇ ಆಳಾಗಿದ್ದವರು, ನಾನೇ ನಕ್ಕುಬಿಟ್ಟೆ, ಅವಳು ನಗಲಿಲ್ಲ.

ನನಗೆ ಬಂದ ಪ್ರಶ್ನೆ ಡಬ್ಲಿ ಲಿಸ್ಟ್, ಹಿಂದಿನದರ ವಿಳಾಸವೂ ಪ್ರತಿ ಡಬ್ಬಿಗೆ ಗೊತ್ತು, ಮುಂದಕ್ಕೂ ಬಂತು ಹಿಂದಕ್ಕೂ ಬಂತು, ಬೇರೆ ಕಾಲೇಜಿನಿಂದ ಪರೀಕ್ಷೆ ಮಾಡಲು ಬಂದಿರುವ ಗೌರೀಶಂಕರ ಸರ್ ನೋಡಿ ತಲೆಯಾಡಿಸಿ ಹೋದರು, ನಾನು ಎದ್ದು ಹೋಗಬಹುದು, ಕೂತೇ ಇದ್ದೇನೆ, ಅವಳಿಗೆ ಈ ಪರೀಕ್ಷೆ ಮೂರನೇ ಸಲ, ಮೊದಲ ಸಲ ಟೈಫಾಯ್ಡ್, ಎರಡನೇ ಸಲ ಬರೀ ಭಯ, ಅವರಪ್ಪ ಕೆಂಪಣ್ಣನವರು ಹೇಳಿದ್ದನ್ನು ನಾನೇ ಕೇಳಿದ್ದೇನೆ, ಈ ಸಲಾನೂ ಆಗ್ನಿಲ್ಲ ಅಂದ್ರೆ ಸಾಕು ಬುಡವ್ವ, ಗಂಡಿನ್ ಕಡೆ ಅರಕಲಗೂಡ್ನೋರು ಎಷ್ಟ್ ದಿನ ಅಂತ ಕಾದಾರು, ಅವತ್ತು ನಾನು ಅವರ ಮನೆಯ ಜಗಲಿಯಲ್ಲಿದ್ದೆ, ಅಲ್ಲಿಂದ ಒಳಗೆ ನನ್ನನ್ನು ಯಾರೂ ಕರೆಯುವುದಿಲ್ಲ, ಅವಳು ತಟ್ಟೆ ಹಿಡಿದು ಹೊರಗೆ ಬಂದು ನನ್ನ ಪಕ್ಕ ಕೂತಳು, ಒಳಗ್ ಬಾರೇ ಊಟಕ್ಕೆ ಅಂತ ಅವರಮ್ಮ ಅವಳನ್ನಷ್ಟೇ ಕರೆದರು, ಇಲ್ಲೇ ತಿಂತೀನಿ ಅಂದಳು, ಪ್ರತಿ ಸಲವೂ ಇಲ್ಲೇ ತಿಂತೀನಿ — ನಮ್ಮ ಮನೆಯಲ್ಲಿ ಓದು ನಿಲ್ಲಿಸು ಅಂದವರೇ ಇಲ್ಲ, ಓದ್ಕೊ ಮಗ, ನೀನು ಓದ್ಕೊ ಅಂತಾರೆ ಅಪ್ಪ, ತೆಂಗಿನ ತೋಟವಿರುವ ಮನೆಯಲ್ಲಿ ಅವಳಿಗೆ ಆ ಒಂದು ಮಾತಿಲ್ಲ, ಮತ್ತೆ ಒತ್ತಿದಳು, ಮತ್ತೆ ಎಂಪ್ಟಿ, ಕತ್ತಿನ ಮೇಲೆ ಬೆವರು, ಒಂದೇ ಒಂದು ಪದ, ನಾನು ಕೆಮ್ಮಿದೆ, ಅವಳು ತಿರುಗಲಿಲ್ಲ, ಟೆಂಪ್ ಅಂದುಬಿಟ್ಟೆ.

ಉಸಿರಲ್ಲಿ ಅಂದೆನೆಂದುಕೊಂಡೆ, ಲ್ಯಾಬಿಗೆಲ್ಲ ಕೇಳಿತು, ಯಾರಮ್ಮ ಅದು, ಸರ್ ಬಂದರು, ಅವಳ ಬೆರಳು ಆಗಲೇ ಟಿ ಒತ್ತಿ ಇ ಒತ್ತಿತ್ತು, ಹೇಳ್ಕೊಟ್ಟಿದ್ದನ್ನ ಬರೆದ್ರೆ ಅದು ನಿಂದಾಗುತ್ತೇನಮ್ಮ, ಕೈ ತೆಗಿ, ಸರಿ, ಟೆಂಪ್ ಯಾಕೆ ಬೇಕು, ಅದನ್ನಾದ್ರೂ ಹೇಳು — ಹೇಳೇ, ನಿನಗೆ ಗೊತ್ತು, ಅವಳ ತುಟಿ ಅಲುಗಿತು, ಯಜ, ಅಷ್ಟು ಬಂತು, ನನ್ನ ಕಡೆ ನೋಡಿದಳು, ನಿಂತಿತು, ಅನ್ನು ಭವ್ಯ, ಯಜಮಾನ ಅನ್ನು, ಆಳು ಅನ್ನು, ನನಗೇನೂ ಬೇಜಾರಿಲ್ಲ, ಅನ್ನೇ, ಸರ್ ಅವ್ಳಿಗೆ ಗೊತ್ತು ಸರ್, ನಂಗೆ ಹೇಳ್ಕೊಟ್ಟಿದ್ದೇ ಅವ್ಳು ಸರ್ ಅಂದೆ, ನೀನು ಸುಮ್ನಿರಮ್ಮ, ನಿಂದು ಮುಗೀತಲ್ಲ, ನಿನ್ನಿಂದ್ಲೇ ಇಷ್ಟೆಲ್ಲ, ಅವರು ಕಾದರು, ನಿಜವಾಗಿ ಕಾದರು, ಕೆಟ್ಟವರಲ್ಲ, ಅವಳು ತಲೆ ಬಗ್ಗಿಸಿದಳು, ಮುಂದಿನ ಸಲ ನೋಡ್ಕೊ ಅಂದರು, ಮುಂದಿನ ಸಲ ಇಲ್ಲ ಸರ್ ಅನ್ನಬೇಕು, ಅಷ್ಟರಲ್ಲಿ ಅವಳು ಎದ್ದಳು, ನನ್ನನ್ನು ನೋಡಲಿಲ್ಲ, ಹೊರಟಳು, ವೇಲಿನ ತುದಿ ಚಕ್ರವಿರುವ ಕುರ್ಚಿಯ ಕೈಗೆ ಸಿಕ್ಕಿಕೊಂಡಿತ್ತು, ಗೊತ್ತಿಲ್ಲದೆ ನಡೆದಳು, ಕುರ್ಚಿ ಅವಳ ಹಿಂದೆಯೇ ಉರುಳಿ ಬಂತು, ಬಿಡಿಸು, ಕೈ ಚಾಚಿದರೆ ನನಗೇ ಸಿಗುತ್ತದೆ, ಕೈ ಏಳಲಿಲ್ಲ, ಅವಳು ನಡೆದಳು, ಕುರ್ಚಿ ಬಂತು, ವೇಲು ಬಿಗಿಯಿತು, ನಡೆದಳು, ಕುರ್ಚಿ ಬಂತು, ಬಾಗಿಲ ಹತ್ತಿರ, ಆ ಕುರ್ಚಿ —