ಎರಡನೆಯ ಉಂಡೆ

ಪಿತೃಪಕ್ಷದ ಎಡೆ ಮುಗಿದು, ಮಾಗಡಿ ಬಳಿಯ ಕಲ್ಯ ಗ್ರಾಮದ ಒಂದು ಮನೆಯಲ್ಲಿ ಬಂಧುಗಳೆಲ್ಲ ಊಟಕ್ಕೆ ಕುಳಿತಿದ್ದರು. ಮುದ್ದೆಯನ್ನು ಅಗಿದು ತಿನ್ನುವವನನ್ನು ಕಂಡರೆ ಆ ಸೀಮೆಯಲ್ಲಿ ನಗುತ್ತಾರೆ. ಅದನ್ನು ಸಾರಿನಲ್ಲಿ ಹೊರಳಿಸಿ ನುಂಗಬೇಕು. ಹಾಗೆ ನುಂಗಿದ ತುತ್ತಿನೊಳಗೆ ಬಾಡಿನ ಮೂಳೆಚೂರೊಂದು ಸೇರಿದ್ದು ಬೋರಲಿಂಗಯ್ಯನವರಿಗೆ ತಿಳಿಯಲಿಲ್ಲ. ಎದೆಯ ಮೇಲ್ಭಾಗದಲ್ಲಿ ಏನೋ ಚುಚ್ಚಿ ನಿಂತಿತು. ಮುಖ ಬೆವರಿತು.

ಹೆಂಡತಿ ಅಂಬುಜಮ್ಮ ಅವಸರದಿಂದ ಮುದ್ದೆಯ ಒಂದು ಉಂಡೆ ಕಟ್ಟಿ ನುಂಗಿಸಿದರು. ನೋವು ಇಮ್ಮಡಿಯಾಯಿತು.

“ಇದುಕ್ಯಾಕೆ ಗಾಬ್ರಿ? ಇನ್ನೊಂದು ದೊಡ್ಡದು ನುಂಗ್ಬುಡಣ್ಣ, ದಬ್ಕೊಂಡು ಹೋಯ್ತದೆ,” ಎಂದ ತಮ್ಮ ಅನಂತರಾಜು.

ಸೊಸೆ ದಿವ್ಯ ಮಾಗಡಿಯ ಪ್ರೌಢಶಾಲೆಯಲ್ಲಿ ವಿಜ್ಞಾನದ ಶಿಕ್ಷಕಿ. ಅನ್ನನಾಳವೆಂಬುದು ಮೆತ್ತನೆಯ ಸ್ನಾಯುವಿನ ಕೊಳವೆ, ಅದು ತಾನೇ ಹಿಂಡಿ ಹಿಂಡಿ ಆಹಾರವನ್ನು ಜಠರಕ್ಕೆ ಸಾಗಿಸುತ್ತದೆ, ಪಕ್ಕದಲ್ಲೇ ಉಸಿರಿನ ನಾಳವೂ ಹೃದಯವೂ ಇವೆ ಎಂದು ವರ್ಷವರ್ಷವೂ ಹಲಗೆಯ ಮೇಲೆ ಬರೆದು ತೋರಿಸಿದವಳು. ಎರಡನೆಯ ಉಂಡೆ ಬಾಯಿಗೆ ಹೋಗುವ ಮೊದಲೇ ಅವಳು ಮಾವನ ತಟ್ಟೆಯನ್ನು ಎತ್ತಿಬಿಟ್ಟಳು.

“ಬ್ಯಾಡಿ ಮಾವ. ದಬ್ಬುದ್ರೆ ಹೋಗಕ್ಕೆ ಅದು ಮೋರಿ ಪೈಪಲ್ಲ. ಮೂಳೆ ನಾಳದ ಗೋಡೆಗೆ ಇಳುದ್ರೆ ತೂತು ಬೀಳ್ತದೆ.”

“ಎಡೆ ದಿನ ಹಿರೇರ ಮುಂದ್ಲಿಂದ ತಟ್ಟೆ ಎತ್ಬುಟ್ಟಲ್ಲವ್ವ,” ಎಂದ ಅನಂತರಾಜು. “ಇದ್ನೂ ನಿಮ್ಮ ಇಸ್ಕೂಲಲ್ಲೇ ಕಲ್ಸುದ್ರಾ?”

ಯಾರೋ ನಕ್ಕರು. ಒಬ್ಬ ಮನುಷ್ಯನ ಪ್ರಾಣ ಎದೆಯಲ್ಲಿ ಸಿಕ್ಕಿಕೊಂಡಿರುವಾಗಲೂ ಮರ್ಯಾದೆಯ ವಿಚಾರಣೆ ನಡೆಸುವ ಆ ಪಂಕ್ತಿಯನ್ನು ಕಂಡು ದಿವ್ಯಳ ಮೈ ಉರಿಯಿತು. ತಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡೇ ಕಾರು ತೆಗೆಯುವಂತೆ ಗಂಡ ಲೋಕೇಶನಿಗೆ ಹೇಳಿದಳು.

ರಾಮನಗರ ಮುಟ್ಟುವವರೆಗೂ ಅವಳು ಮಾವನ ಕತ್ತನ್ನೇ ನೋಡುತ್ತಿದ್ದಳು. ಅವರು ಕೆಮ್ಮಿದರೆ ಭಯ, ಸುಮ್ಮನಾದರೆ ಇನ್ನೂ ಭಯ. ಆಸ್ಪತ್ರೆಯಲ್ಲಿ ಕೊಳವೆ ಇಳಿಸಿ ಮೂಳೆಯನ್ನು ತೆಗೆದರು. ಆದರೆ ಮೇಲಿನಿಂದ ಬಿದ್ದ ಒತ್ತಡಕ್ಕೆ ಅನ್ನನಾಳದ ಒಳಗೋಡೆ ಸೀಳಿದೆ, ಅದು ಹೊರಗಿನವರೆಗೂ ತೂತಾಗಿದೆಯೇ ಇಲ್ಲವೇ ಎಂಬುದು ಸ್ಕ್ಯಾನಿನಲ್ಲಿ ತಿಳಿಯಬೇಕು ಎಂದರು ವೈದ್ಯರು.

ಜೊತೆಗೆ ಬಂದಿದ್ದ ಅಂಬುಜಮ್ಮ ಬೆಂಚಿನ ಮೇಲೆ ಸೊಸೆಯ ಪಕ್ಕಕ್ಕೆ ಸರಿದು ಕುಳಿತರು. ಆಮೇಲೆ ಮೆಲ್ಲಗೆ ಕೇಳಿದರು:

“ನಾ ಕೊಟ್ಟ ಉಂಡೆಯಿಂದ್ಲೇ ಆಯ್ತೇನವ್ವಾ?”

ಇಲ್ಲವೆನ್ನುವುದು ಸುಲಭವಾಗಿತ್ತು. ಆ ಸುಲಭವನ್ನು ದಿವ್ಯ ಒಪ್ಪಲಿಲ್ಲ.

“ಹೂಂ ಅತ್ತೆ. ಆದ್ರೆ ತಪ್ಪು ನಿಮ್ಮೊಬ್ರದ್ದೇ ಅಲ್ಲ. ಊರ ಮಕ್ಕಳಿಗೆಲ್ಲ ಹೇಳ್ಕೊಟ್ಟೋಳು ನಾನು, ಮನೇಲಿ ಒಂದಿನಾನೂ ಬಾಯಿ ಬಿಡ್ಲಿಲ್ಲ.”

ಸಂಜೆ ವೈದ್ಯರು ಹೊರಬಂದರು. ತೂತಾಗಿರಲಿಲ್ಲ. ಆದರೂ ಎರಡು ದಿನ ಹನಿ ನೀರೂ ಬಾಯಿಗೆ ಬೀಳಕೂಡದು, ಜ್ವರ ಬಂದರೆ ಮತ್ತೆ ನೋಡಬೇಕು.

ಎಲ್ಲ ಸರಿಹೋಯಿತೆಂದು ಲೋಕೇಶ ಚಿಕ್ಕಪ್ಪನಿಗೆ ಫೋನಿನಲ್ಲಿ ಹೇಳುತ್ತಿದ್ದ. ಅಂಬುಜಮ್ಮ ಕೈಚಾಚಿ ಫೋನನ್ನು ತೆಗೆದುಕೊಂಡರು.

“ಅನಂತ, ಗಾಯ ಆಗಿರೋದು ನನ್ನ ಕೈತುತ್ತಿಂದ. ಅಲ್ಲಿ ನಕ್ಕೋರ್ಗೆಲ್ಲ ಹಂಗೇ ಹೇಳು.”