ಆಮೆ ಹೊಳೆ ಮುಟ್ಟಿದ ಮಧ್ಯಾಹ್ನ

ನಿದ್ದೆಗೆ ತೂಕವಿದೆ. ಎತ್ತಿಕೊಂಡ ಮಗು ಎಚ್ಚರವಿರುವಾಗ ಹಗುರ. ನಿದ್ದೆ ಹತ್ತಿದ ಗಳಿಗೆಗೆ, ಒಳಗೆ ಇನ್ಯಾರೋ ಬಂದು ಕೂತಂತೆ, ಭಾರ. ಶಿಶುವಿಹಾರದಲ್ಲಿ ನಾನು ದಿನಾ ಕಾಯುತ್ತಿದ್ದುದು ಆ ಗಳಿಗೆಗೆ. ಅವತ್ತು ಅದು ಕೊನೆಯ ಸಲ ಬರಬೇಕಿತ್ತು. ಬಾರದಿದ್ದರೆ ನನ್ನ ಬಸ್ಸು ತಪ್ಪುತ್ತಿತ್ತು.

ದೂರದ ಊರಿನಲ್ಲಿ ನರ್ಸ್ ತರಬೇತಿಗೆ ಸೀಟು ಸಿಕ್ಕಿತ್ತು. ಹೋದ ವಾರವೇ ಸೇರಬೇಕಿತ್ತು. ಎಲ್ಲರೂ ಬಟಾಣಿ ಎಂದು ಕರೆಯುವ ಪುಟ್ಟ ಹುಡುಗಿ ನನ್ನ ದುಪಟ್ಟಾ ಹಿಡಿದು ಅತ್ತಳೆಂದು ಜ್ವರದ ನೆಪ ಹೇಳಿ ಉಳಿದಿದ್ದೆ. ನಾಳೆ ಬೆಳಿಗ್ಗೆ ಬಾರದಿದ್ದರೆ ಸೀಟು ಬೇರೆಯವರಿಗೆ ಎಂದು ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು. ಅಲ್ಲಿಗೆ ಹೋಗುವ ಕೊನೆಯ ಬಸ್ಸು ಮಧ್ಯಾಹ್ನದ್ದು.

"ಮಕ್ಕಳು ಮಲಗಿದ ಕೂಡ್ಲೇ ಜಾರ್ಕೊಂಡುಬಿಡು," ಎಂದಿದ್ದರು ದೊಡ್ಡಮ್ಮ. ಶಿಶುವಿಹಾರ ನಡೆಸುವ ಅವರನ್ನು ಮಕ್ಕಳ ಅಪ್ಪಂದಿರೂ ಹಾಗೇ ಕರೆಯುವುದು. "ಎದ್ದಾಗ ಬಿಸ್ಕತ್ತು ಕೊಟ್ರೆ ಮರೀತಾರೆ. ನೀನೇನು ದೊಡ್ಡ ಮಹಾರಾಣಿನಾ, ಜನ್ಮಪೂರ್ತಿ ನೆನಪಿಟ್ಕೊಳ್ಳೋಕೆ?"

ಚಾಪೆಗಳ ಮೇಲೆ ಎಲ್ಲರೂ ಉರುಳಿಯಾಗಿತ್ತು, ಮೂಗು ಸುರಿಸುವವನು, ಕಚ್ಚುವವಳು ಎಲ್ಲ. ನಾಲ್ಕು ವರ್ಷದ ಬಟಾಣಿ ಮಾತ್ರ ನನ್ನ ಹೆಗಲ ಮೇಲೆ ಕಣ್ಣು ಬಿಟ್ಟುಕೊಂಡಿದ್ದಳು. ಅವತ್ತೇ ನನ್ನ ಜಾಗಕ್ಕೆ ಸೇರಿದ್ದ ಹೊಸ ಅಕ್ಕ ಪಕ್ಕದ ಚಾಪೆಯಲ್ಲಿ, ಪರೀಕ್ಷೆಗೆ ಬಂದವಳಂತೆ ಮುದುಡಿ ಕೂತಿದ್ದಳು. ಬಾಗಿಲ ಹಿಂದೆ ನನ್ನ ಚೀಲ.

"ಕಥೆ," ಎಂದಳು ಬಟಾಣಿ.

ನನ್ನಜ್ಜಿ ಹೇಳುತ್ತಿದ್ದ ಕಥೆಯನ್ನೇ ಶುರು ಮಾಡಿದೆ. ಹೊಳೆಗೆ ಹೊರಟ ಆಮೆ. ಅದರ ಬೆನ್ನ ಮೇಲೆ, ಹೊಳೆ ನೋಡುವ ಆಸೆ ಹೊತ್ತ ಒಂದು ಇರುವೆ. ಆಮೆ ಒಂದು ಹೆಜ್ಜೆ ಇಟ್ಟಿತು. ಇನ್ನೊಂದು ಹೆಜ್ಜೆ ಇಟ್ಟಿತು. ಮಲಗಿಸಲೆಂದೇ ಹುಟ್ಟಿದ ಕಥೆ ಅದು; ಕಲ್ಲುಗುಡ್ಡ ಬರುವಷ್ಟರಲ್ಲಿ ಎಂಥ ತುಂಟ ಮಗುವೂ ನಿದ್ದೆಗೆ ಜಾರುತ್ತದೆ. ಅವತ್ತು ಆಮೆ ಗುಡ್ಡವನ್ನೂ ದಾಟಿತು. ಬಟಾಣಿ ತನ್ನ ಕೆನ್ನೆ ತಾನೇ ಚಿವುಟಿಕೊಂಡಳು.

"ಯಾಕೆ ಪುಟ್ಟಿ ಚಿವುಟ್ಕೋತೀಯ?"

"ನಿದ್ದೆ ಬರಬಾರ್ದು ಅಂತ. ಮಲಗಿದ್ರೆ ಹೋಗ್ಬಿಡ್ತಾರೆ. ಅಮ್ಮನೂ ಹಂಗೇ ಹೋಗೋದು."

ನಿಜ. ದಿನಾ ಬೆಳಿಗ್ಗೆ ಅವಳಮ್ಮ, ನಿದ್ದೆಯಲ್ಲಿರುವ ಅವಳನ್ನು ನನ್ನ ಹೆಗಲಿಗೆ ದಾಟಿಸಿ, ಕಾರ್ಖಾನೆಯ ಪಾಳಿಗೆ ಓಡುತ್ತಿದ್ದಳು. ದೊಡ್ಡಮ್ಮ ಬಾಗಿಲಲ್ಲಿ ನಿಂತು ಕೈಗಡಿಯಾರ ತಟ್ಟಿ ತೋರಿಸಿದರು.

"ಆಮೇಲೆ?" ಎಂದಳು ಬಟಾಣಿ.

ಆಮೇಲೇನೆಂದು ನನಗೂ ಗೊತ್ತಿರಲಿಲ್ಲ. ಚಿಕ್ಕಂದಿನಲ್ಲಿ ನಾನೂ ಗುಡ್ಡದ ಈಚೆಗೇ ನಿದ್ದೆ ಹೋಗುತ್ತಿದ್ದೆ. ಕೊನೆಯನ್ನು ಅಜ್ಜಿ ತನ್ನೊಂದಿಗೇ ಕಟ್ಟಿಕೊಂಡು ಹೋದಳು. ತೋಚಿದ್ದು ಹೇಳಿದೆ.

"ಹೊಳೆ ಬಂತು. ಆಮೆ ನೀರಿಗೆ ಇಳೀಬೇಕು. ಇರುವೆಗೆ ಈಜು ಬರಲ್ಲ."

"ಇರುವೆ ಮಲಗಿತ್ತಾ?"

ಹೂಂ ಅಂದಿದ್ದರೆ ಸಾಕಿತ್ತು. ನಾಲಿಗೆ ಹೊರಳಲಿಲ್ಲ.

"ಇಲ್ಲ ಕಣೇ, ಎಚ್ಚರ ಇತ್ತು. ಆಮೆನೇ ಹೇಳ್ತು, ನಾನು ಹೋಗ್ಬೇಕು, ನೀನು ಇಳಿ ಅಂತ." ಉಸಿರೆಳೆದುಕೊಂಡೆ. "ನಾನು ಇವತ್ತು ಹೋಗ್ತೀನಿ, ಬಟಾಣಿ. ನಾಳೆ ಬರಲ್ಲ."

ದೊಡ್ಡಮ್ಮ ಹಣೆ ಚಚ್ಚಿಕೊಂಡರು. ಇನ್ನು ರಂಪ ಶುರು, ಚಾಪೆಗೆ ಚಾಪೆಯೇ ಎದ್ದು ಕೂರುತ್ತದೆ, ಬಸ್ಸು ಹೋಗುತ್ತದೆ ಎಂದು ನಾನು ಹಲ್ಲು ಕಚ್ಚಿ ನಿಂತೆ. ಅವಳ ಕೆಳತುಟಿ ನಡುಗಿತು. ನನ್ನ ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು, ಮತ್ತೆ ಸುತ್ತಿಕೊಂಡಳು.

"ಇರುವೆ ಅಳುತ್ತೆ," ಎಂದಳು. "ಸ್ವಲ್ಪ."

"ಆಮೆನೂ."

"ಇಳಿಸು."

ಇಳಿಸಿದೆ. ಹಗುರವಾಗಿಯೇ ಇದ್ದಳು; ನಾನು ಕಾದಿದ್ದ ಭಾರ ಬರಲೇ ಇಲ್ಲ. ಅವಳು ನೆಟ್ಟಗೆ ಹೊಸ ಅಕ್ಕನ ಬಳಿ ಹೋಗಿ, ತೋಳು ಜಗ್ಗಿ ಮಲಗಿಸಿ, ಬೆನ್ನು ತಟ್ಟತೊಡಗಿದಳು.

"ಆಮೆ ಒಂದು ಹೆಜ್ಜೆ ಇಡ್ತು. ಇನ್ನೊಂದು ಹೆಜ್ಜೆ ಇಡ್ತು. ಕಣ್ಣು ಮುಚ್ಚು, ಇಲ್ದಿದ್ರೆ ದೊಡ್ಡಮ್ಮ ಬೈತಾರೆ."

ಹೊಸ ಅಕ್ಕ ಗಾಬರಿಯಿಂದ ಕಣ್ಣು ಮುಚ್ಚಿದಳು. ಬೆಳಗಿನಿಂದ ಹೆದರಿ ಹೆದರಿ ಸುಸ್ತಾಗಿತ್ತೋ, ನಟನೆಯೋ, ಗುಡ್ಡ ಬರುವ ಮೊದಲೇ ಸಣ್ಣ ಗೊರಕೆ ಕೇಳಿಸಿತು.

ಬಟಾಣಿ ನನ್ನತ್ತ ತಿರುಗಿ ತುಟಿಯ ಮೇಲೆ ಬೆರಳಿಟ್ಟಳು.

"ಅಕ್ಕ ಮಲಗಿದ್ಲು," ಎಂದು ಪಿಸುಗುಟ್ಟಿದಳು. "ಈಗ ಹೋಗು."

ಸದ್ದಾದೀತೆಂದು ಚಪ್ಪಲಿ ಕೈಯಲ್ಲಿ ಹಿಡಿದು, ಗೇಟಿನವರೆಗೆ ಬರಿಗಾಲಲ್ಲಿ ನಡೆದೆ. ಆಮೇಲೆ ಓಡಿದೆ.